ಏಳರ ಭಾಗಾಕಾರದಲ್ಲಿ ಹುಟ್ಟಿದ 142857

142857 ಎಂಬ ಆರಂಕಿಯ ಸಂಖ್ಯೆಯನ್ನು 1ರಿಂದ 6ರವರೆಗಿನ ಯಾವುದರಿಂದ ಗುಣಿಸಿದರೂ ಅದೇ ಆರು ಅಂಕಿಗಳು ಮರಳಿ ಬರುತ್ತವೆ. ಬರುವುದಷ್ಟೇ ಅಲ್ಲ, ಒಂದರ ಹಿಂದೆ ಒಂದು ನಿಂತ ಕ್ರಮವೂ ಕದಲುವುದಿಲ್ಲ. ಸಾಲು ಎಲ್ಲಿಂದ ಶುರುವಾಗುತ್ತದೆ ಎಂಬುದೊಂದೇ ಬದಲಾಗುತ್ತದೆ.

142857 × 1 = 142857
142857 × 2 = 285714
142857 × 3 = 428571
142857 × 4 = 571428
142857 × 5 = 714285
142857 × 6 = 857142

ಈ ಆರು ಅಂಕಿಗಳನ್ನು ಒಂದು ಬಳೆಯ ಸುತ್ತ ಬರೆದರೆ, ಮೇಲಿನ ಆರು ಗುಣಲಬ್ಧಗಳೂ ಅದೇ ಬಳೆಯನ್ನು ಬೇರೆ ಬೇರೆ ಕಡೆಯಿಂದ ಓದಿದ ಫಲ. ಏಳರಿಂದ ಗುಣಿಸಿದಾಗ ಮಾತ್ರ ಈ ಸುತ್ತು ನಿಂತು 999999 ಬರುತ್ತದೆ. ಹೀಗೆ ಗುಣಿಸಿದಷ್ಟೂ ತಿರುಗುವ ಸಂಖ್ಯೆಗಳನ್ನು ಗಣಿತದಲ್ಲಿ ಚಕ್ರೀಯ ಸಂಖ್ಯೆಗಳೆಂದು ಕರೆಯುತ್ತಾರೆ. ಅವುಗಳ ಪೈಕಿ ಅತ್ಯಂತ ಪ್ರಸಿದ್ಧವಾದದ್ದು ಇದು. ಮೋಜಿನ ಲೆಕ್ಕಗಳ ಪುಸ್ತಕಗಳಲ್ಲಿ ಇದನ್ನು ವಿಸ್ಮಯವೆಂದು ತೋರಿಸಿ ಅಲ್ಲಿಗೇ ಬಿಡುವುದುಂಟು. ಆದರೆ ಇದರ ಒಂದೊಂದು ಚಮತ್ಕಾರಕ್ಕೂ ಕಾರಣವಿದೆ. ಪ್ರಾಥಮಿಕ ಶಾಲೆಯ ಭಾಗಾಕಾರ ಬಲ್ಲವರಿಗೆಲ್ಲ ಆ ಕಾರಣ ಎಟುಕುತ್ತದೆ.

999999ನ್ನು 7ರಿಂದ ಭಾಗಿಸಿದರೆ 142857 ಬರುತ್ತದೆ ಎಂಬುದರಲ್ಲೇ ಅದರ ಮೂಲ ಅಡಗಿದೆ. ಏಳನೇ ಒಂದು ಭಾಗವನ್ನು ದಶಮಾಂಶದಲ್ಲಿ ಬರೆದರೆ 0.142857142857… ಎಂದು ಕೊನೆಯಿಲ್ಲದೆ ಸಾಗುತ್ತದೆ. ಹೈಸ್ಕೂಲು ಮುಗಿಸಿದ ಪ್ರತಿಯೊಬ್ಬರೂ ಈ ಸಂಖ್ಯೆಯನ್ನು ಮುಟ್ಟಿಯೇ ಇರುತ್ತಾರೆ. ವೃತ್ತದ ಲೆಕ್ಕದಲ್ಲಿ ಪೈ ಬದಲಿಗೆ ಬಳಸುವ 22/7ರ ಬೆಲೆ 3.142857142857… ಪೈ ಬೆಲೆ 3 1/7ಕ್ಕಿಂತ ಕಡಿಮೆ, 3 10/71ಕ್ಕಿಂತ ಹೆಚ್ಚು ಎಂದು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಆರ್ಕಿಮಿಡೀಸ್ ತೋರಿಸಿದ್ದ. ಪೈ ನಿಜವಾಗಿ 3.14159… ಎಂದು ಮುಂದುವರಿಯುವುದರಿಂದ ಎರಡರ ಹೊಂದಾಣಿಕೆ ಎರಡನೆಯ ದಶಮಾಂಶ ಸ್ಥಾನಕ್ಕೇ ಮುಗಿಯುತ್ತದೆ. ಪೈ ಅಂಕಿಗಳಿಗೆ ಆವರ್ತನೆಯೇ ಇಲ್ಲ. 22/7ರ ಅಂಕಿಗಳಿಗೆ ಆವರ್ತನೆಯೇ ಎಲ್ಲ.

ಈಗ 1ನ್ನು 7ರಿಂದ ಕಾಗದದ ಮೇಲೆ ಭಾಗಿಸುವ ಕ್ರಮವನ್ನು ನೋಡಬೇಕು. 10ರಲ್ಲಿ 7 ಒಂದು ಸಲ ಹೋಗಿ 3 ಉಳಿಯುತ್ತದೆ. 3ರ ಮುಂದೆ ಸೊನ್ನೆ ಇಟ್ಟರೆ 30. ಅದರಲ್ಲಿ 7 ನಾಲ್ಕು ಸಲ ಹೋಗಿ 2 ಉಳಿಯುತ್ತದೆ. 20ರಲ್ಲಿ ಎರಡು ಸಲ, ಶೇಷ 6. 60ರಲ್ಲಿ ಎಂಟು ಸಲ, ಶೇಷ 4. 40ರಲ್ಲಿ ಐದು ಸಲ, ಶೇಷ 5. 50ರಲ್ಲಿ ಏಳು ಸಲ, ಶೇಷ 1. ಮತ್ತೆ 1 ಬಂದ ಮೇಲೆ ಹೊಸದೇನೂ ನಡೆಯುವಂತಿಲ್ಲ, ಹಳೆಯ ದಾರಿಯನ್ನೇ ಹಿಡಿಯಬೇಕು. ಭಾಗಲಬ್ಧದ ಸಾಲಿನಲ್ಲಿ 1, 4, 2, 8, 5, 7 ಕೂತರೆ, ಅವುಗಳಿಗೆ ಕಾರಣವಾದ ಶೇಷಗಳ ಸಾಲು 1, 3, 2, 6, 4, 5. ಎಲ್ಲರ ಕಣ್ಣೂ ಭಾಗಲಬ್ಧದ ಮೇಲಿರುತ್ತದೆ, ಗುಟ್ಟಿರುವುದು ಶೇಷಗಳಲ್ಲಿ.

3/7ರ ಬೆಲೆ ಬೇಕಿದ್ದರೆ ಹೊಸದಾಗಿ ಭಾಗಿಸುವ ಅಗತ್ಯವೇ ಇಲ್ಲ. 3 ಎಂಬ ಶೇಷ ಮೇಲಿನ ಸಾಲಿನಲ್ಲಿ ಆಗಲೇ ಎರಡನೆಯದಾಗಿ ಬಂದಿದೆ. ಅಲ್ಲಿಂದ ಲೆಕ್ಕ ಶುರು ಮಾಡಿದರೆ ಸಿಗುವ ಅಂಕಿಗಳು 4, 2, 8, 5, 7, 1. ಆದ್ದರಿಂದ 3/7 ಎಂದರೆ 0.428571…, ಮತ್ತು 142857ರ ಮೂರು ಪಟ್ಟು 428571. 2/7ಕ್ಕೆ ಮೂರನೆಯ ಸ್ಥಾನದಿಂದ, 6/7ಕ್ಕೆ ನಾಲ್ಕನೆಯ ಸ್ಥಾನದಿಂದ ಹೊರಡಬೇಕು. 7ರಿಂದ ಭಾಗಿಸುವಾಗ ಬರಬಹುದಾದ ಆರೂ ಶೇಷಗಳು ಒಂದೇ ಸುತ್ತಿನಲ್ಲಿ ಬಂದುಹೋಗುವುದರಿಂದ ಆರು ಗುಣಲಬ್ಧಗಳಿಗೂ ಅದೇ ಸುತ್ತಿನಲ್ಲಿ ಜಾಗವಿದೆ.

ಆರೂ ಶೇಷಗಳು ಬಂದೇ ಬರುತ್ತವೆ ಎಂಬ ಖಾತರಿ ಎಲ್ಲ ಭಾಜಕಗಳಿಗೂ ಇಲ್ಲ. 13ನ್ನೇ ನೋಡಬಹುದು. 1/13ರ ಬೆಲೆ 0.076923…, ಇದರ ಆವರ್ತವೂ ಆರು ಅಂಕಿಗಳದ್ದೇ. ಆದರೆ 13ಕ್ಕೆ ಸಾಧ್ಯವಿರುವ ಶೇಷಗಳು ಹನ್ನೆರಡು. 1, 10, 9, 12, 3, 4 ಒಂದು ಸುತ್ತಿನಲ್ಲಿ ತಿರುಗುತ್ತವೆ. 2, 7, 5, 11, 6, 8 ಪ್ರತ್ಯೇಕವಾಗಿ ಇನ್ನೊಂದು ಸುತ್ತಿನಲ್ಲಿ ತಿರುಗುತ್ತವೆ. ಹಾಗಾಗಿ 076923ನ್ನು ಎರಡರಿಂದ ಗುಣಿಸಿದರೆ ಅದೇ ಅಂಕಿಗಳು ಬರದೆ, ಎರಡನೇ ಸುತ್ತಿನ 153846 ಬರುತ್ತದೆ. 7ರ ಹಾಗೆ ಶೇಷಗಳನ್ನೆಲ್ಲ ಒಂದೇ ಸುತ್ತಿಗೆ ಸೇರಿಸಿಕೊಳ್ಳುವ ಮುಂದಿನ ಅವಿಭಾಜ್ಯ ಸಂಖ್ಯೆ 17. ಅದರಿಂದ ಹುಟ್ಟುವ ಚಕ್ರೀಯ ಸಂಖ್ಯೆ 0588235294117647. 1ರಿಂದ 16ರವರೆಗೆ ಯಾವುದರಿಂದ ಗುಣಿಸಿದರೂ ಈ ಹದಿನಾರು ಅಂಕಿಗಳು ಕ್ರಮ ತಪ್ಪದೆ ತಿರುಗುತ್ತವೆ. ಆದರೆ ಇಲ್ಲಿ ಎಡತುದಿಯ ಸೊನ್ನೆಯನ್ನು ಬಿಡದೆ ಇಟ್ಟುಕೊಳ್ಳಬೇಕಾಗುತ್ತದೆ. ಭಾಜಕ 10ಕ್ಕಿಂತ ದೊಡ್ಡದಾದರೆ ಭಾಗಲಬ್ಧದ ಮೊದಲ ಅಂಕಿ ಸೊನ್ನೆಯಾಗಲೇಬೇಕು. ಎಡಗಡೆ ಸೊನ್ನೆಯ ಆಸರೆಯಿಲ್ಲದೆ ನಿಲ್ಲುವ ಚಕ್ರೀಯ ಸಂಖ್ಯೆ, ಒಂಟಿ ಅಂಕಿಗಳನ್ನು ಬಿಟ್ಟರೆ, ದಶಮಾನ ಪದ್ಧತಿಯಲ್ಲಿ 142857 ಒಂದೇ.

ಇದನ್ನು ನಡುವೆ ಕತ್ತರಿಸಿ ಎರಡು ಭಾಗಗಳನ್ನು ಕೂಡಿದರೆ 142 + 857 = 999. ಮೂರು ಭಾಗ ಮಾಡಿ ಕೂಡಿದರೆ 14 + 28 + 57 = 99. ಒಂಬತ್ತುಗಳು ಇಲ್ಲಿಗೆ ಹೇಗೆ ಬಂದವು ಎಂಬುದಕ್ಕೂ ಶೇಷಗಳೇ ಉತ್ತರ ಹೇಳುತ್ತವೆ. ಭಾಗಾಕಾರದಲ್ಲಿ ಮೂರು ಹೆಜ್ಜೆ ಮುಗಿದಾಗ ಶೇಷ 6 ಇತ್ತು. ಎಂದರೆ 1/7ರ ಅಂಕಿಗಳನ್ನು ಮೂರು ಸ್ಥಾನ ಸರಿಸಿದರೆ 6/7 ಸಿಗುತ್ತದೆ. 1/7 ಮತ್ತು 6/7 ಕೂಡಿದರೆ 1, ದಶಮಾಂಶದಲ್ಲಿ ಅದು 0.999999… ಹೀಗಾಗಿ ಮೂರು ಸ್ಥಾನಗಳ ಅಂತರದಲ್ಲಿರುವ ಅಂಕಿಗಳ ಜೋಡಿ, 1 ಮತ್ತು 8, 4 ಮತ್ತು 5, 2 ಮತ್ತು 7, ಪ್ರತಿಯೊಂದೂ 9 ಆಗುತ್ತದೆ. ಒಂದು ಅವಿಭಾಜ್ಯ ಸಂಖ್ಯೆಯ ವಿಲೋಮದ ಆವರ್ತದಲ್ಲಿ ಸಮಸಂಖ್ಯೆಯ ಅಂಕಿಗಳಿದ್ದಾಗಲೆಲ್ಲ ಹೀಗೆಯೇ ಆಗುತ್ತದೆಂಬ ಪ್ರಮೇಯವನ್ನು ಮಿಡಿ ಎಂಬ ಫ್ರೆಂಚ್ ಗಣಿತಜ್ಞ 1836ರಲ್ಲಿ ನಾಂತ್ ಪಟ್ಟಣದಿಂದ ಪ್ರಕಟಿಸಿದ. 13ರಲ್ಲಿ 076 + 923, 17ರಲ್ಲಿ 05882352 + 94117647, ಎರಡೂ ಬರಿಯ ಒಂಬತ್ತುಗಳು.

ಮೂರು ಭಾಗಗಳ ಕಥೆಯೂ ಇದೇ ಬಗೆಯದು. ಎರಡೆರಡು ಹೆಜ್ಜೆಗೆ ಸಿಗುವ ಶೇಷಗಳು 1, 2, 4. ಅವುಗಳ ಮೊತ್ತ 7, ಆದ್ದರಿಂದ 1/7 + 2/7 + 4/7 = 1, ಅಂಕಿಗಳಲ್ಲಿ 14 + 28 + 57 = 99. ಮಿಡಿಯ ಪ್ರಮೇಯವನ್ನು ಮೂರು ಭಾಗಗಳಿಗೆ ವಿಸ್ತರಿಸಿದ ಫಲಿತಾಂಶವನ್ನು ಬ್ರಯನ್ ಗಿನ್ಸ್‌ಬರ್ಗ್ ಪ್ರಕಟಿಸಿದ್ದು 2004ರಲ್ಲಿ. ಒಂದೊಂದೇ ಅಂಕಿಯನ್ನು ಕೂಡಿದರೆ ಮೊತ್ತ 9 ಆಗದೆ 27 ಆಗುವುದಕ್ಕೂ ಲೆಕ್ಕವಿದೆ: ಆರೂ ಶೇಷಗಳ ಮೊತ್ತ 21, ಅದು ಏಳರ ಮೂರು ಪಟ್ಟು; ಅಂಕಿಗಳ ಮೊತ್ತವೂ ಒಂಬತ್ತರ ಮೂರು ಪಟ್ಟು.

ಇಲ್ಲಿ ಕನ್ನಡ ನಾಡಿನ ಗಣಿತಜ್ಞನೊಬ್ಬನ ನೆನಪು ಬರಲೇಬೇಕು. 9ನೇ ಶತಮಾನದಲ್ಲಿ, ‘ಕವಿರಾಜಮಾರ್ಗ’ ಹುಟ್ಟಿದ ಕಾಲದಲ್ಲೇ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಆರಂಭದಲ್ಲಿ ಸ್ತುತಿಸಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಗುಣಾಕಾರದ ಭಾಗದಲ್ಲಿ ಅವನು ಕೊಡುವ ಕೆಲವು ಲೆಕ್ಕಗಳ ಉತ್ತರಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುತ್ತವೆ. ಅಂಥವನ್ನು ಅವನು ಕೊರಳ ಹಾರಗಳಿಗೆ ಹೋಲಿಸುತ್ತಾನೆ. 12345679ನ್ನು 9ರಿಂದ ಗುಣಿಸಿದರೆ 111111111. 152207ನ್ನು 73ರಿಂದ ಗುಣಿಸಿದರೆ 11111111. ಅದೇ ಗುಂಪಿನಲ್ಲಿ ಏಳರ ಎರಡು ಹಾರಗಳಿವೆ:

142857143 × 7 = 1000000001
14287143 × 7 = 100010001

ಮೊದಲನೆಯದರಲ್ಲಿ 142857 ಇಡಿಯಾಗಿ ಕಾಣುತ್ತದೆ. 1000000001ನ್ನು 7ರಿಂದ ಭಾಗಿಸುತ್ತ ಹೋದರೆ ಮೊದಲ ಎಂಟು ಹೆಜ್ಜೆಗಳಲ್ಲಿ 1, 4, 2, 8, 5, 7, 1, 4 ಬಂದು ಶೇಷ 2 ಉಳಿಯುತ್ತದೆ. ಆಗ ಕೊನೆಯ 1 ಇಳಿದು 21 ಆಗಿ, ಮೂರು ಸಲ ಸರಿಯಾಗಿ ಹೋಗುತ್ತದೆ. ಹಾರ ನಿಶ್ಶೇಷವಾಗಿ ಮುಗಿಯುವುದಕ್ಕೆ ಕಾರಣ 1000ವನ್ನು 7ರಿಂದ ಭಾಗಿಸಿದಾಗ ಉಳಿಯುವ 6. ಆರು ಎಂದರೆ ಏಳಕ್ಕೆ ಒಂದು ಕಡಿಮೆ. ಸಾವಿರವನ್ನು ಮೂರು ಸಲ ಗುಣಿಸಿಕೊಂಡರೂ ಆ ‘ಒಂದು ಕಡಿಮೆ’ ಹಾಗೇ ಉಳಿಯುತ್ತದೆ, ಒಂದು ಕೂಡಿದರೆ ತುಂಬಿಬರುತ್ತದೆ. ಇದು 142 + 857 = 999 ಆಗುವುದಕ್ಕೆ ಕೊಟ್ಟ ಕಾರಣವೇ. ಎರಡನೆಯ ಹಾರ 100010001 ಎಂದರೆ ಹತ್ತು ಕೋಟಿ, ಹತ್ತು ಸಾವಿರ ಮತ್ತು ಒಂದರ ಮೊತ್ತ. ಮೂರನ್ನೂ 7ರಿಂದ ಭಾಗಿಸಿದಾಗ ಉಳಿಯುವ ಶೇಷಗಳು 2, 4, 1, ಕೂಡಿದರೆ 7. ಇದು 14 + 28 + 57 = 99 ಆಗುವುದಕ್ಕೆ ಕೊಟ್ಟ ಕಾರಣ. ದಶಮಾಂಶ ಚಿಹ್ನೆ ಹಾಕಿ ಭಿನ್ನರಾಶಿ ಬರೆಯುವ ಪದ್ಧತಿ ಇಲ್ಲದ ಕಾಲದಲ್ಲಿ ಮಹಾವೀರಾಚಾರ್ಯ ಪೂರ್ಣಾಂಕಗಳ ಕಡೆಯಿಂದ ಹೊರಟು ಏಳರ ಈ ಎರಡೂ ಗುಣಗಳ ಮೇಲೆ ನಿಲ್ಲುವ ಲೆಕ್ಕಗಳನ್ನು ಕಟ್ಟಿದ್ದಾನೆ. ಅವನು ಪ್ರಮೇಯ ಹೇಳಿಲ್ಲ, ಸಾಧನೆ ಕೊಟ್ಟಿಲ್ಲ, ಲೆಕ್ಕವನ್ನಷ್ಟೇ ಕೊಟ್ಟಿದ್ದಾನೆ. ಆದರೂ ಇಂಥ ಲೆಕ್ಕ ಹೊಳೆಯಬೇಕಾದರೆ ಸಂಖ್ಯೆಗಳೊಡನೆ ದೀರ್ಘ ಒಡನಾಟ ಇದ್ದಿರಲೇಬೇಕು. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದ ಈ ಗ್ರಂಥ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು.

7ಕ್ಕಿಂತ ದೊಡ್ಡ ಸಂಖ್ಯೆಗಳಿಂದ ಗುಣಿಸಿದರೆ ಸುತ್ತು ಒಡೆದಂತೆ ಕಂಡರೂ ನಿಜವಾಗಿ ಒಡೆಯುವುದಿಲ್ಲ. ಎಂಟರಿಂದ ಗುಣಿಸಿದರೆ 1142856. ಬಲಗಡೆಯ ಆರು ಅಂಕಿಗಳನ್ನು ಬಿಟ್ಟು ಉಳಿದ 1ನ್ನು ಅವುಗಳಿಗೇ ಕೂಡಿದರೆ 142857. ಗುಣಕ 365 ಆದರೆ ಗುಣಲಬ್ಧ 52142805. 52ನ್ನು 142805ಕ್ಕೆ ಕೂಡಿದರೆ ಮತ್ತೆ 142857. ಎಡಗಡೆ ಉಳಿದ 52 ವರ್ಷದ ವಾರಗಳ ಸಂಖ್ಯೆ ಎಂಬುದು ಆಕಸ್ಮಿಕವಲ್ಲ. 365 ದಿನಗಳಲ್ಲಿ 52 ವಾರಗಳೂ ಮಿಕ್ಕ 1 ದಿನವೂ ಇವೆ. ಗುಣಾಕಾರ ಈ ಎರಡನ್ನೂ ಬಿಡಿಸಿ ತೋರಿಸುತ್ತದೆ: 52 ಎಡಗಡೆಗೆ ಹೋಗುತ್ತದೆ, ಮಿಕ್ಕ 1 ಸುತ್ತಿನ ಮೊದಲ ರೂಪವನ್ನು ಆರಿಸುತ್ತದೆ. ಅಧಿಕ ವರ್ಷದ 366ರಿಂದ ಗುಣಿಸಿದರೆ 52285662, ಕೂಡಿದರೆ 285714. ಅದು ಎರಡರ ರೂಪ, ಏಕೆಂದರೆ ಮಿಕ್ಕ ದಿನಗಳು ಎರಡು. ಇಸವಿಯಿಂದ ಇಸವಿಗೆ ಜನವರಿ 1ರ ವಾರ ಒಂದು ದಿನ ಮುಂದೆ ಹೋಗುವುದು, ಅಧಿಕ ವರ್ಷವಾದ ಮೇಲೆ ಎರಡು ದಿನ ಹಾರುವುದು, ಇವೇ ಶೇಷಗಳಿಂದ. ಕಾರಣವನ್ನು ಸಾಮಾನ್ಯವಾಗಿ ಹೇಳುವುದಾದರೆ, ಗುಣಕದಲ್ಲಿರುವ ಪ್ರತಿಯೊಂದು ಏಳೂ 999999 ಆಗುತ್ತದೆ, ಎಂದರೆ ಹತ್ತು ಲಕ್ಷಕ್ಕೆ ಒಂದು ಕಡಿಮೆ. ಆ ಕಡಿಮೆಯಾದ ಒಂದೊಂದನ್ನೂ ಮರಳಿ ಕೂಡಿದಾಗ ಸುತ್ತು ತುಂಬುತ್ತದೆ.

ವರ್ಗದ ವಿಷಯದಲ್ಲೂ ಹೀಗೆಯೇ. 142857ರ ವರ್ಗ 20408122449. ಕೊನೆಯ ಆರು ಅಂಕಿಗಳನ್ನು ಬೇರ್ಪಡಿಸಿ ಕೂಡಿದರೆ 20408 + 122449 = 142857. ಈ ಗುಣವಿರುವ ಸಂಖ್ಯೆಗಳಿಗೆ ಕಾಪ್ರೇಕರ್ ಸಂಖ್ಯೆಗಳೆಂದು ಹೆಸರು. ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿ, ಬಿಡುವಿನಲ್ಲೆಲ್ಲ ಸಂಖ್ಯೆಗಳ ಹಿಂದೆ ಬಿದ್ದಿದ್ದ ದ. ರಾ. ಕಾಪ್ರೇಕರ್ (1905–1986) ಇವುಗಳನ್ನು ಗುರುತಿಸಿದರು. 9, 45, 55, 99, 297 ಇವೂ ಇದೇ ವರ್ಗಕ್ಕೆ ಸೇರಿದವು; 45ರ ವರ್ಗ 2025, 20 + 25 = 45. ಎಲ್ಲ ಕಾಪ್ರೇಕರ್ ಸಂಖ್ಯೆಗಳೂ ಚಕ್ರೀಯವಲ್ಲ. 142857 ಇಲ್ಲಿ ಸೇರಿದ್ದು 142856 ಎಂಬುದು 7 × 20408 ಆಗಿರುವುದರಿಂದ, ಎಂದರೆ 142857ನ್ನು 7ರಿಂದ ಭಾಗಿಸಿದರೆ 1 ಉಳಿಯುವುದರಿಂದ. ವರ್ಗವೆಂದರೆ 142857ನ್ನು ಅದರಿಂದಲೇ ಗುಣಿಸುವುದಲ್ಲವೇ? ಗುಣಕದಲ್ಲಿ 20408 ಏಳುಗಳೂ ಮಿಕ್ಕ ಒಂದೂ ಇವೆ. 365ರ ಲೆಕ್ಕವೇ ಇಲ್ಲಿ ಇನ್ನೊಮ್ಮೆ ನಡೆದಿದೆ. ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳಿಗೆ ‘ಹರ್ಷದ’ ಎಂದು ಹೆಸರಿಟ್ಟವರೂ ಕಾಪ್ರೇಕರ್ ಅವರೇ. 142857 = 27 × 5291 ಆದ್ದರಿಂದ ಇದು ಆ ಗುಂಪಿನಲ್ಲೂ ಇದೆ. ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿದರೆ 3 × 3 × 3 × 11 × 13 × 37.

ಈ ಸಂಖ್ಯೆಯನ್ನು ಬಾಯಿಪಾಠ ಮಾಡಬೇಕಾದವರಿಗೆ ಒಂದು ಸುಲಭದ ದಾರಿ 14, 28, 56, 112 ಎಂಬ ದ್ವಿಗುಣಗಳು. 14, 28 ಸರಿಯಾಗಿ ಕೂರುತ್ತವೆ. 56ರ ಮುಂದೆ ಬರುವ 112ರಲ್ಲಿ ಎರಡು ಅಂಕಿಗಳಿಗಷ್ಟೇ ಜಾಗವಿರುವುದರಿಂದ ಒಂದು ಎಡಕ್ಕೆ ದಾಟಿ 56ನ್ನು 57 ಮಾಡುತ್ತದೆ. 1/7ನ್ನು 14/98 ಎಂದು ಬರೆದರೆ ಕಾರಣ ತಿಳಿಯುತ್ತದೆ. 98 ನೂರಕ್ಕೆ ಎರಡು ಕಡಿಮೆ. ಆ ಎರಡೇ ಪ್ರತಿ ಹೆಜ್ಜೆಗೂ ದ್ವಿಗುಣಗೊಳಿಸುತ್ತದೆ.

ರೇಖಾಗಣಿತದಲ್ಲೂ ಇದರ ಒಂದು ಗುರುತು ಇದೆ. ಅಕ್ಕಪಕ್ಕದ ಅಂಕಿಗಳನ್ನು ಜೋಡಿ ಮಾಡಿ (1, 4), (4, 2), (2, 8), (8, 5), (5, 7), (7, 1) ಎಂಬ ಆರು ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ಆರೂ ಒಂದೇ ದೀರ್ಘವೃತ್ತದ ಮೇಲೆ ಬೀಳುತ್ತವೆ. ಐದು ಬಿಂದುಗಳು ಸಾಮಾನ್ಯವಾಗಿ ಒಂದು ಶಂಕುಜವನ್ನು ನಿರ್ಧರಿಸುತ್ತವೆ. ಆರನೆಯದೂ ಅದರ ಮೇಲೆಯೇ ಬೀಳುವುದು ಅಪರೂಪ. ಇಲ್ಲಿ ಹಾಗಾಗಲು ಮತ್ತೆ ಒಂಬತ್ತೇ ಕಾರಣ. (1, 4)ಕ್ಕೆ ಎದುರಾಗಿ (8, 5), (4, 2)ಕ್ಕೆ (5, 7), (2, 8)ಕ್ಕೆ (7, 1) ಇವೆ, ಪ್ರತಿ ಜೋಡಿಯೂ (4.5, 4.5) ಎಂಬ ಬಿಂದುವಿನ ಆಚೆ ಈಚೆ ಸಮದೂರದಲ್ಲಿದೆ. ಕೇಂದ್ರ ಗೊತ್ತಿದ್ದ ಮೇಲೆ ವಕ್ರರೇಖೆಯನ್ನು ನಿರ್ಧರಿಸಲು ಮೂರು ಬಿಂದು ಸಾಕು, ಅವುಗಳ ಎದುರು ಬಿಂದುಗಳು ತಾವಾಗಿ ಅದರ ಮೇಲೆ ಬರುತ್ತವೆ. 20ನೇ ಶತಮಾನದ ಆರಂಭದಲ್ಲಿ ಗುರ್ಜಿಯೆಫ್ ಎಂಬ ಅನುಭಾವಿ ಬೋಧಕ ವೃತ್ತದ ಮೇಲಿನ ಒಂಬತ್ತು ಬಿಂದುಗಳಲ್ಲಿ ಆರನ್ನು 1, 4, 2, 8, 5, 7ರ ಕ್ರಮದಲ್ಲಿ ಸೇರಿಸಿ, ಆ ಚಿತ್ರದಲ್ಲಿ ವಿಶ್ವದ ನಿಯಮವನ್ನು ಕಂಡ. ಚಿತ್ರ ಚೆನ್ನಾಗಿದೆ. ಆದರೆ ಅದರ ಸಮಮಿತಿಯನ್ನು ವಿವರಿಸಲು ಭಾಗಾಕಾರಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಇಷ್ಟೆಲ್ಲ ಗುಣಗಳು ಏಳಕ್ಕೆ ಮಾತ್ರ ಸೇರಿದವಲ್ಲ. ಎಣಿಕೆ ಹತ್ತರ ಆಧಾರದಲ್ಲಿ ನಡೆಯುತ್ತಿರುವುದಕ್ಕೂ ಅವುಗಳಲ್ಲಿ ಪಾಲಿದೆ. ಕಂಪ್ಯೂಟರುಗಳು ಬಳಸುವ ಎರಡರ ಆಧಾರದಲ್ಲಿ 1/7 ಬರೆದರೆ 0.001001001…, ಸುತ್ತಿನಲ್ಲಿ ಮೂರೇ ಶೇಷಗಳು. ಎಂಟರ ಆಧಾರದಲ್ಲಿ ಬರೆದರೆ 0.1111…, ಅಲ್ಲಿ ಆಟವೇ ಇಲ್ಲ. ಮೂರರ ಆಧಾರದಲ್ಲಿ 0.010212… ಎಂದು ಆರು ಅಂಕಿಗಳ ಪೂರ್ತಿ ಸುತ್ತು ಮತ್ತೆ ಕಾಣುತ್ತದೆ, ಏಕೆಂದರೆ ಏಳರ ಮಟ್ಟಿಗೆ ಹತ್ತು ಮತ್ತು ಮೂರು ಬೇರೆಯಲ್ಲ: 10ನ್ನು 7ರಿಂದ ಭಾಗಿಸಿದರೆ ಉಳಿಯುವುದು 3.

ಅವಿಭಾಜ್ಯ ಸಂಖ್ಯೆಯೊಂದರಿಂದ ಭಾಗಿಸಿದಾಗ ಸುತ್ತು ಎಷ್ಟು ಉದ್ದವಿರಬಹುದು ಎಂಬುದಕ್ಕೆ 1640ರಲ್ಲಿ ಫ್ರಾನ್ಸಿನ ಪಿಯೆರ್ ಡಿ ಫರ್ಮಾ ಪತ್ರವೊಂದರಲ್ಲಿ ಬರೆದ ಪ್ರಮೇಯ ಉತ್ತರ ಕೊಡುತ್ತದೆ. 2 ಮತ್ತು 5ನ್ನು ಬಿಟ್ಟು, ಆ ಉದ್ದ ಅವಿಭಾಜ್ಯ ಸಂಖ್ಯೆಗಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸಬೇಕು. 7ಕ್ಕೆ ಅದು 6. 13ಕ್ಕೂ 6, ಅದು 12ರ ಅರ್ಧ. 37ಕ್ಕೆ 3 ಮಾತ್ರ. 1801ರಲ್ಲಿ ಪ್ರಕಟವಾದ ತನ್ನ ಅಂಕಗಣಿತದ ಮಹಾಗ್ರಂಥದಲ್ಲಿ ಕಾರ್ಲ್ ಫ್ರೆಡ್ರಿಕ್ ಗೌಸ್ ಆವರ್ತ ದಶಮಾಂಶಗಳನ್ನು ಈ ದೃಷ್ಟಿಯಿಂದ ವಿವರವಾಗಿ ಪರಿಶೀಲಿಸಿದ. ಸುತ್ತು ಪೂರ್ತಿ ಉದ್ದಕ್ಕೆ ಬರುವ ಅವಿಭಾಜ್ಯ ಸಂಖ್ಯೆಗಳು 100ರೊಳಗೆ ಒಂಬತ್ತು: 7, 17, 19, 23, 29, 47, 59, 61, 97. ಸಾವಿರದೊಳಗಿನ 168 ಅವಿಭಾಜ್ಯ ಸಂಖ್ಯೆಗಳಲ್ಲಿ ಅಂಥವು 60. ಪೈ ಬೆಲೆಗೆ 22/7ಕ್ಕಿಂತ ಎಷ್ಟೋ ಹತ್ತಿರವಾದ 355/113ರ ಛೇದ 113 ಕೂಡ ಅದೇ ಅರುವತ್ತರಲ್ಲಿ ಒಂದು. ಅದರ ಆವರ್ತದಲ್ಲಿ 112 ಅಂಕಿಗಳಿವೆ.

ಇಂಥ ಅವಿಭಾಜ್ಯ ಸಂಖ್ಯೆಗಳು ಮುಗಿಯದೆ ಸಿಗುತ್ತಲೇ ಹೋಗುತ್ತವೆಯೇ? ಹೌದೆಂದೂ, ಒಟ್ಟು ಅವಿಭಾಜ್ಯ ಸಂಖ್ಯೆಗಳಲ್ಲಿ ಅವುಗಳ ಪ್ರಮಾಣ ಸುಮಾರು ಶೇ 37.4ಕ್ಕೆ ಹತ್ತಿರವಾಗುತ್ತ ಹೋಗಬೇಕೆಂದೂ ಎಮಿಲ್ ಆರ್ಟಿನ್ 1927ರಲ್ಲಿ ಮುಂದಿಟ್ಟ ಊಹೆ ಹೇಳುತ್ತದೆ. ರೀಮಾನ್ ಊಹೆಯ ವಿಸ್ತೃತ ರೂಪ ನಿಜವೆಂದು ಒಪ್ಪಿಕೊಂಡರೆ ಇದನ್ನು ಸಾಧಿಸಬಹುದೆಂದು 1967ರಲ್ಲಿ ಕ್ರಿಸ್ಟೋಫರ್ ಹೂಲಿ ತೋರಿಸಿದರು. ಆದರೆ ರೀಮಾನ್ ಊಹೆಯೇ ಇನ್ನೂ ಸಾಧಿತವಾಗಿಲ್ಲ. 1986ರಲ್ಲಿ ರೋಜರ್ ಹೀತ್-ಬ್ರೌನ್ ಯಾವ ಊಹೆಯ ನೆರವೂ ಇಲ್ಲದೆ ಒಂದು ಫಲಿತಾಂಶ ಪಡೆದರು. ಅದರ ಪ್ರಕಾರ 2, 3, 5 ಈ ಮೂರು ಆಧಾರಗಳಲ್ಲಿ ಕನಿಷ್ಠ ಒಂದರಲ್ಲಾದರೂ ಪೂರ್ತಿ ಸುತ್ತಿನ ಅವಿಭಾಜ್ಯ ಸಂಖ್ಯೆಗಳು ಅನಂತವಾಗಿವೆ. ಯಾವುದರಲ್ಲಿ ಎಂದು ಮಾತ್ರ ಅದರಿಂದ ಹೇಳಲಾಗದು. ಹತ್ತರ ಆಧಾರದಲ್ಲಿ, ಎಂದರೆ 142857ಕ್ಕೆ ಜನ್ಮ ಕೊಟ್ಟ ನಿತ್ಯದ ಲೆಕ್ಕದಲ್ಲಿ, 7, 17, 19 ಎಂದು ಶುರುವಾಗುವ ಆ ಪಟ್ಟಿಗೆ ಕೊನೆಯಿಲ್ಲ ಎಂಬುದಕ್ಕೆ ಇನ್ನೂ ಸಾಧನೆ ದೊರೆತಿಲ್ಲ.